ವಾಸ್ಕೋದಿಂದ ಬಂದ ರೊಟ್ಟಿ

ಜನವರಿಯಲ್ಲಿ ಅಳವಂಡಿಯ ಯಾವ ಓಣಿಗೆ ಕಾಲಿಟ್ಟರೂ ರೊಟ್ಟಿ ಬಡಿಯುವ ಸಪ್ಪಳ. ಕೊಪ್ಪಳದ ಗವಿಸಿದ್ಧೇಶ್ವರ ಜಾತ್ರೆ ಹತ್ತಿರ ಬಂತೆಂದರೆ ಹಳ್ಳಿಹಳ್ಳಿಯ ಹೆಂಗಸರು ಮಹಾದಾಸೋಹಕ್ಕೆ ಜೋಳದ ರೊಟ್ಟಿ ಮಾಡುತ್ತಾರೆ. ಕಟಕಾಗುವ ತನಕ ಒಣಗಿಸಿ, ಟ್ರ್ಯಾಕ್ಟರಿಗೆ ಹೇರಿ ಕಳಿಸುತ್ತಾರೆ. ಗವಿಮಠದಲ್ಲಿ ಲಕ್ಷಗಟ್ಟಲೆ ರೊಟ್ಟಿ ಒಟ್ಟಿದ ಮೇಲೆ ಯಾವುದು ಯಾರದೆಂದು ಕೇಳುವವರಿಲ್ಲ. ಓಣಿಯಲ್ಲಿ ಮಾತ್ರ ಕೇಳುತ್ತಾರೆ. ಯಾರು ಬಂದು ಕೂತರು, ಯಾರು ಬರಲಿಲ್ಲ ಎಂಬುದು ಮುಂದಿನ ವರ್ಷದವರೆಗೂ ನೆನಪಿರುತ್ತದೆ.

ಆ ನೆನಪಿನಿಂದ ಬಿಟ್ಟುಹೋಗಬಾರದೆಂದೇ ನಮ್ಮ ದೊಡ್ಡವ್ವ ಎಷ್ಟೋ ವರ್ಷ ಗೋವಾದಿಂದ ಬಂದಳು.

1972ರ ಬರದಲ್ಲಿ ಗಂಡನ ಜೊತೆ ಗುಳೆ ಹೋದವಳು ಅವಳು. ಅಳವಂಡಿಯದು ಎರಿ ಭೂಮಿ. ಮಳೆ ಹಿಡಿದರೆ ಬಿಳಿಜೋಳ, ಕಡಲೆ ಕೈತುಂಬ. ಕೈಕೊಟ್ಟರೆ ಹೊಲದ ತುಂಬ ಬಿರುಕು. ತುಂಗಭದ್ರೆಯ ಅಣೆಕಟ್ಟು ನಮ್ಮ ಜಿಲ್ಲೆಯ ಮುನಿರಾಬಾದಿನಲ್ಲೇ ಇದೆ. 1945ರಲ್ಲಿ ಶುರುವಾಗಿ 1953ರಲ್ಲಿ ಮುಗಿಯಿತು; ಗಂಗಾವತಿ ಕಡೆ ಭತ್ತದ ಗದ್ದೆಗಳೆದ್ದವು. ನಮ್ಮ ಕಡೆಯವರು ಮುಗಿಲು ನೋಡುತ್ತಲೇ ಉಳಿದರು. ಅದೇ ಅಣೆಕಟ್ಟಿನ ಮಗ್ಗುಲಿಗೆ ಹುಲಿಗಿಯಲ್ಲಿ ಹುಲಿಗೆಮ್ಮ ಕೂತಿದ್ದಾಳೆ. "ನೀರಿನ ದಂಡಿಮ್ಯಾಲ ಕುಂತಾಕಿಗೆ ನಮ್ಮ ನೀರಡಿಕಿ ತಿಳಿದಂಗಿಲ್ಲೇನ?" ಎಂದು ದೊಡ್ಡವ್ವ ದೇವಿಯನ್ನೇ ಕೇಳಿದ್ದಳಂತೆ. ಕೇಳಿ, ಉಡಿ ತುಂಬಿ, ಚೂರು ಭಂಡಾರವನ್ನು ಸೀರೆಯ ಸೆರಗಿಗೆ ಗಂಟು ಹಾಕಿಕೊಂಡು ಕೊಪ್ಪಳದಲ್ಲಿ ರೈಲು ಹತ್ತಿದಳು.

ಗಡಿ ದಾಟುವುದು ನಮ್ಮ ಮನೆತನಕ್ಕೆ ಹೊಸದಲ್ಲ. ಅಳವಂಡಿ ಹಿಂದೆ ನಿಜಾಮರ ಸೀಮೆ. ನೆರೆಯ ಮುಂಡರಗಿ ಮುಂಬೈ ಪ್ರಾಂತ. ರಜಾಕಾರರ ಹಾವಳಿಯ ಕಾಲದಲ್ಲಿ ನಮ್ಮೂರಿನ ಶಿವಮೂರ್ತಿಸ್ವಾಮಿಗಳು ಮುಂಡರಗಿಯಲ್ಲಿ ಹೋರಾಟದ ಶಿಬಿರ ಕಟ್ಟಿದರು. ಮುಂದೆ 1952ರಲ್ಲಿ ಸಂಸತ್ತಿಗೂ ಆರಿಸಿಹೋದರು. ದೊಡ್ಡವ್ವನ ತಾಯಿ ಆ ದಿನಗಳಲ್ಲಿ ಕೂಸು ಕಟ್ಟಿಕೊಂಡು ರಾತ್ರೋರಾತ್ರಿ ಆ ಕಡೆ ಹೋಗಿ, 1948ರ ಸೆಪ್ಟೆಂಬರಿನಲ್ಲಿ ಹೈದರಾಬಾದು ಭಾರತಕ್ಕೆ ಸೇರಿದ ಮೇಲೆ ಮರಳಿದವಳು. ತಾಯಿ ಜೀವ ಉಳಿಸಿಕೊಳ್ಳಲು ಗಡಿ ದಾಟಿದಳು, ಮಗಳು ಹೊಟ್ಟೆಗಾಗಿ ಘಟ್ಟ ಇಳಿದಳು.

ವಾಸ್ಕೋದಲ್ಲಿ ಅವಳಿಗೆ ಸಿಕ್ಕ ಕೆಲಸ ಗೌಂಡಿಗಳ ಕೈಕೆಳಗೆ ಬುಟ್ಟಿ ಹೊರುವುದು. ಪೋರ್ಚುಗೀಸರು ಹೋಗಿ ಹತ್ತು ವರ್ಷವಾಗಿದ್ದ ಗೋವಾದಲ್ಲಿ ಕಟ್ಟಡಗಳು ಏಳತೊಡಗಿದ್ದವು. ಅವುಗಳ ಮರಳು, ಕಲ್ಲು ಹೊತ್ತವರಲ್ಲಿ ಕೊಪ್ಪಳ, ಗದಗ, ಬಿಜಾಪುರ ಕಡೆಯ ಹೆಣ್ಣುಮಕ್ಕಳು ಬಹಳ. ಅಲ್ಲಿಯವರ ಬಾಯಲ್ಲಿ ಇವರು 'ಘಾಟಿ'ಗಳು, ಘಟ್ಟದ ಮೇಲಿನವರು. ಆ ಶಬ್ದದೊಳಗಿನ ತಾತ್ಸಾರ ದೊಡ್ಡವ್ವನಿಗೆ ಭಾಷೆ ಬರುವ ಮೊದಲೇ ತಿಳಿದಿತ್ತು. 2004ರ ಜೂನಿನಲ್ಲಿ ಬೈನಾದ ಸಮುದ್ರದಂಡೆಯ ಗುಡಿಸಲುಗಳನ್ನು ಮಳೆಗಾಲದ ಬಾಯಲ್ಲೇ ಕೆಡವಿದಾಗ ಅವಳ ಖೋಲಿ ಬೇರೆ ಕಡೆ ಇತ್ತು, ಉಳಿಯಿತು. ಬೀದಿಗೆ ಬಿದ್ದವರಲ್ಲಿ ನಮ್ಮ ಕಡೆಯ ಮಂದಿ ಇದ್ದರು. ಅವಳು ಮೂರು ದಿನ ರೊಟ್ಟಿ, ಪುಂಡಿಪಲ್ಯ ಕಟ್ಟಿಕೊಂಡು ಹೋಗಿ ಬಂದಳು. ಆ ಮೂರು ದಿನಗಳ ಮಾತು ತೆಗೆದರೆ ಇವತ್ತಿಗೂ ಸೆರಗಿನಿಂದ ಬಾಯಿ ಮುಚ್ಚಿಕೊಳ್ಳುತ್ತಾಳೆ.

ಖೋಲಿಯ ಮೂಲೆಯಲ್ಲಿ ಒಂದು ಹಲಗೆ, ಅದರ ಮೇಲೆ ಹುಲಿಗಿಯಿಂದ ತಂದ ಫೋಟೋ. ಮಂಗಳವಾರ, ಶುಕ್ರವಾರ ಒಂದೇ ಹೊತ್ತು ಊಟ. ಹಿರಿಯ ಮಗನಿಗೆ ಜ್ವರ ಏರಿ ಬದುಕುವ ಭರವಸೆ ಹೋದ ರಾತ್ರಿ ಹೊತ್ತ ಹರಕೆ ಅದು. ಮಗ ಉಳಿದ, ಈಗ ಅವನಿಗೇ ಮೊಮ್ಮಕ್ಕಳು. ಹರಕೆ ಮಾತ್ರ ಮುಗಿದಿಲ್ಲ. ಭರತ ಹುಣ್ಣಿಮೆಗೆ ಪಡ್ಡಲಗಿ ತುಂಬಿಸಿ ಉಧೋ ಉಧೋ ಅನ್ನಲು ಅಕ್ಕಪಕ್ಕದ ಖೋಲಿಗಳ ಹೆಂಗಸರೆಲ್ಲ ಅಲ್ಲಿಯೇ ಸೇರುತ್ತಾರೆ. ಶ್ರಾವಣದಲ್ಲಿ ವಾಸ್ಕೋದ ದಾಮೋದರನ ಸಪ್ತಾಹಕ್ಕೂ ಹೋಗುತ್ತಾಳೆ, ಡಿಸೆಂಬರ್ 3ರಂದು ಹಳೆ ಗೋವಾದಲ್ಲಿ ಸಂತ ಫ್ರಾನ್ಸಿಸ್ ಝೇವಿಯರರ ಹಬ್ಬದ ದಿನ ಮೇಣದಬತ್ತಿಯನ್ನೂ ಹಚ್ಚುತ್ತಾಳೆ. ಇಷ್ಟೊಂದು ದೇವರೇ ಎಂದು ನಾನು ಒಮ್ಮೆ ಕೇಳಿದ್ದೆ. "ಅಕಿ ನಮ್ಮೂರಾಕಿ. ಇವರು ಓಣಿಯವರು. ಓಣಿಯವರ ಜೋಡಿ ಮಾತು ಬಿಟ್ಟರ ನಡೀತೈತೇನ?" ಅಂದಳು.

ದೂರದ ಮೆಕ್ಸಿಕೋದಿಂದ ಅಮೆರಿಕಕ್ಕೆ ದುಡಿಯಲು ಹೋದ ತಾಯಂದಿರ ಬಗ್ಗೆ ಓದುವಾಗ ನನಗೆ ದೊಡ್ಡವ್ವನ ಆ ಹಲಗೆಯೇ ಕಣ್ಣಮುಂದೆ ಬರುತ್ತದೆ. ಅವರ ಮನೆಮೂಲೆಯಲ್ಲಿ ಗ್ವಾದಲೂಪೆ ಮಾತೆಯ ಪಟ ಇರುತ್ತದೆ. 1531ರಲ್ಲಿ ತೆಪೆಯಾಕ್ ಗುಡ್ಡದ ಮೇಲೆ ಹುವಾನ್ ದಿಯೇಗೋ ಎಂಬ ಬಡ ಮೂಲನಿವಾಸಿಗೆ ಕಾಣಿಸಿಕೊಂಡವಳೆಂದು ನಂಬುವ ತಾಯಿ ಆಕೆ. ಡಿಸೆಂಬರ್ 12 ಅವಳ ಹಬ್ಬ. 2002ರಲ್ಲಿ ಭಕ್ತರು ಮೆಕ್ಸಿಕೋ ನಗರದ ಅವಳ ಗುಡಿಯಿಂದ ನ್ಯೂಯಾರ್ಕಿಗೆ ಪಂಜು ಹಿಡಿದು ಓಡುವುದನ್ನು ಶುರುಮಾಡಿದರು. ಊರಿಗೆ ಬರಲಾಗದ ಮಕ್ಕಳಿದ್ದಲ್ಲಿಗೆ ತಾಯಿಯ ಬೆಂಕಿಯೇ ಹೋಗಲೆಂದು. ಆ ಹೆಂಗಸರೂ ನಮ್ಮವರ ಹಾಗೆ ರೊಟ್ಟಿ ಬಡಿದವರೇ. ಅವರದು ಸುಣ್ಣದ ನೀರಿನಲ್ಲಿ ಬೇಯಿಸಿ ಅರೆದ ಮೆಕ್ಕೆಜೋಳ, ನಮ್ಮದು ಬಿಳಿಜೋಳ.

ದೊಡ್ಡವ್ವ ರೊಟ್ಟಿ ಬಡಿಯುವುದನ್ನು ಕೂತು ನೋಡಬೇಕು. ಹಿಟ್ಟಿನ ನಡುವೆ ಕುಳಿ ಮಾಡಿ ಕುದಿಯುವ ಎಸರು ಹೊಯ್ದು, ಅಂಗೈಯ ಬುಡದಿಂದ ಒತ್ತಿ ಒತ್ತಿ ನಾದುತ್ತಾಳೆ. ಬಳೆ ಮೊಣಕೈಯತ್ತ ಸರಿಸಿಕೊಂಡು ಉಂಡೆಗೆ ಮೊದಲ ಏಟು ಹಾಕಿದರೆ, ಒಂದು ಕೈ ಬಡಿಯುತ್ತಿದ್ದಂತೆ ಇನ್ನೊಂದು ಕೈ ಅಂಚು ಸರಿಮಾಡುತ್ತ ತಿರುಗಿಸುತ್ತದೆ. ಹಂಚಿಗೆ ಹಾಕಿ, ಮೇಲೆ ನೀರು ಸವರಿ, ಆ ನೀರು ಆರುವ ಹೊತ್ತಿಗೆ ಸರಿಯಾಗಿ ತಿರುವುತ್ತಾಳೆ. ಆಮೇಲೆ ಒಲೆಯ ಬಾಯಿಗೆ ಆನಿಸಿದ ರೊಟ್ಟಿ ಉಬ್ಬಿ ನಿಲ್ಲುತ್ತದೆ. ಗೋವಾದಲ್ಲಿ ಇದು ಅಷ್ಟು ಸಲೀಸಲ್ಲ. ಹಿಟ್ಟು ಹಳತಾದರೆ ಜಿಗಿ ಹೋಗಿ ಅಂಚು ಸೀಳುತ್ತದೆ. ಅದಕ್ಕೇ ಪ್ರತಿಸಲ ಊರಿಂದ ಹೊರಟಾಗ ಅವಳ ಜೊತೆ ಅರ್ಧ ಚೀಲ ಬಿಳಿಜೋಳ ರೈಲು ಹತ್ತುತ್ತಿತ್ತು. ಹಿಟ್ಟು ಚೆನ್ನಾಗಿದ್ದರೂ ಕಟಕ ರೊಟ್ಟಿ ಅಲ್ಲಿ ನಿಲ್ಲುವುದಿಲ್ಲ. ಸಮುದ್ರದ ಗಾಳಿಗೆ ಒಂದೇ ದಿನದಲ್ಲಿ ಮೆತ್ತಗಾಗುತ್ತದೆ. ಮೊಮ್ಮಕ್ಕಳಿಗೆ ಅದರ ಚಿಂತೆಯಿಲ್ಲ. ಅವರು ಪಾವ್ ತಿಂದು ಬೆಳೆದವರು. ತಮ್ಮೊಳಗೆ ಮಾತಾಡುವುದು ಕೊಂಕಣಿ, ಅಜ್ಜಿಯೊಡನೆ ಮಾತ್ರ ಕನ್ನಡ.

ಹೋದ ವರ್ಷ ಅವಳ ಮೊಣಕಾಲು ಕೈಕೊಟ್ಟವು. ಅಮರಾವತಿ ಎಕ್ಸ್‌ಪ್ರೆಸ್ಸಿನ ಮೆಟ್ಟಿಲು ಹತ್ತಲಾಗದೆ ಜಾತ್ರೆಗೆ ಬರುವುದು ತಪ್ಪಿತು. ಆ ವಾರವೆಲ್ಲ ಅವಳು ಸರಿಯಾಗಿ ಉಣ್ಣಲಿಲ್ಲವೆಂದು ಸೊಸೆ ಫೋನಿನಲ್ಲಿ ಹೇಳಿದಳು. ವಾಸ್ಕೋದಲ್ಲೇ ಹುಟ್ಟಿ ಬೆಳೆದ ಸೊಸೆ. ರೊಟ್ಟಿ ಕಲಿತದ್ದು ಅತ್ತೆಯ ಹತ್ತಿರ. ಇಬ್ಬರೂ ಗ್ಯಾಸಿನ ಒಲೆಯ ಮುಂದೆ ನಿಂತು ಇಪ್ಪತ್ತೊಂದು ರೊಟ್ಟಿ ಮಾಡಿ, ಹಳೆಯ ಧೋತರದಲ್ಲಿ ಸುತ್ತಿ, ರಟ್ಟಿನ ಡಬ್ಬಿಗೆ ಹಾಕಿ ಊರಿಗೆ ಹೊರಟವರೊಬ್ಬರ ಕೈಯಲ್ಲಿ ಕೊಟ್ಟರು.

ಡಬ್ಬಿ ಬಿಚ್ಚಿದವಳು ನಾನೇ. ಒಂದೂ ಮುರಿದಿರಲಿಲ್ಲ, ಆದರೆ ಎಲ್ಲವೂ ಅರಿವೆಯ ಹಾಗೆ ಮೆತ್ತಗೆ ಬಾಗುತ್ತಿದ್ದವು. ಓಣಿಯ ಹೆಂಗಸರು ಏನಾದರೂ ಅಂದಾರೇನೋ ಎಂದು ಅಳುಕಿದೆ. ಯಾರೂ ಏನೂ ಅನ್ನಲಿಲ್ಲ. ಅದೇ ಧೋತರವನ್ನು ಮಾಳಿಗೆಯ ಮೇಲೆ ಹಾಸಿ, ಇಪ್ಪತ್ತೊಂದನ್ನೂ ಬಿಸಿಲಿಗೆ ಹರವಿದರು. ಸಂಜೆಗೆ ಬೆರಳಿನಿಂದ ತಟ್ಟಿದರೆ ಕಟಕಟ ಅನ್ನುತ್ತಿದ್ದವು.

ಟ್ರ್ಯಾಕ್ಟರ್ ಹೊರಡುವ ಮುಂಜಾನೆ ದೊಡ್ಡವ್ವನ ಫೋನ್ ಬಂತು. "ಒಣಗ್ಯಾವೇನವ್ವಾ?"

"ಒಣಗ್ಯಾವ, ದೊಡ್ಡವ್ವಾ. ಹೇರೀವಿ."

"ಮ್ಯಾಲ ಇಟ್ಟೀರೋ, ತಳಗೋ?"

"ಎಲ್ಲಾರವರ ನಡುವ ಇಟ್ಟೀವಿ."

ಆ ಕಡೆ ಸ್ವಲ್ಪ ಹೊತ್ತು ಮಾತಿಲ್ಲ. ಆಮೇಲೆ ಸೊಸೆಯನ್ನು ಕೂಗಿದ್ದು ಕೇಳಿಸಿತು, ಊಟಕ್ಕೆ ಬಡಿಸೆಂದು.