ಹರೆಯದ ಮನಸ್ಸು ಮತ್ತು ಸತ್ತ್ವಾವಜಯ ಚಿಕಿತ್ಸೆ

ಬಸವೇಶ್ವರನಗರದ ನಮ್ಮ ಚಿಕಿತ್ಸಾಲಯಕ್ಕೆ ಇಪ್ಪತ್ತರ ಆಸುಪಾಸಿನ ಮಕ್ಕಳನ್ನು ಕರೆತರುವ ತಂದೆತಾಯಿಗಳು ಈಚೆಗೆ ಹೆಚ್ಚಾಗಿದ್ದಾರೆ. ನಿದ್ರೆಯಿಲ್ಲ, ಹಸಿವಿಲ್ಲ, ಮಾತೆತ್ತಿದರೆ ಸಿಡುಕು. "ಬ್ರಾಹ್ಮೀ ಘೃತವನ್ನೋ ಅಶ್ವಗಂಧವನ್ನೋ ಕೊಡಿ ಡಾಕ್ಟರೇ" ಎಂಬುದು ಸಾಮಾನ್ಯ ಬೇಡಿಕೆ. ಅವು ಉತ್ತಮ ಔಷಧಗಳೇ. ಆದರೆ ಚರಕಸಂಹಿತೆಯ ಸೂತ್ರಸ್ಥಾನವು ಚಿಕಿತ್ಸೆಯನ್ನು ಮೂರು ಬಗೆಯಾಗಿ ವಿಂಗಡಿಸುತ್ತದೆ. ಮಂತ್ರ, ವ್ರತ, ನಿಯಮಗಳದು ದೈವವ್ಯಪಾಶ್ರಯ. ಆಹಾರ, ಔಷಧಗಳದು ಯುಕ್ತಿವ್ಯಪಾಶ್ರಯ. ಅಹಿತವಾದ ವಿಷಯಗಳಿಂದ ಮನಸ್ಸನ್ನು ಹಿಂದೆಗೆಯುವುದು ಸತ್ತ್ವಾವಜಯ. ಇಂದಿನ ಮನೋಚಿಕಿತ್ಸೆಗೆ ಈ ಮೂರನೆಯದು ಹತ್ತಿರದ ಬಂಧು. ಎರಡೂ ಒಂದೇ ಎಂದು ನಾವು ಹೇಳಲಾರೆವು.

ವಿಜಯನಗರದ ಒಬ್ಬ ಯುವಕನಿಗೆ ನಾವು ಎರಡು ತಿಂಗಳು ಘೃತವನ್ನಷ್ಟೇ ಕೊಟ್ಟೆವು. ಪ್ರತಿಸಲವೂ ತಾಯಿ ಪಕ್ಕದಲ್ಲಿ ಕುಳಿತು ಅವನ ಪರವಾಗಿ ಉತ್ತರಿಸುತ್ತಿದ್ದರು, ನಾವೂ ಬಿಟ್ಟೆವು. ತಪ್ಪು ನಮ್ಮದೇ. ಒಂದು ದಿನ ಆ ತಾಯಿಯನ್ನು ಹೊರಗೆ ಕೂರಿಸಿ ಕೇಳಿದಾಗ ಅವನು ಬಾಯಿಬಿಟ್ಟ: ಇಂಜಿನಿಯರಿಂಗ್ ಬಿಟ್ಟು ಆರು ತಿಂಗಳಾಗಿತ್ತು. ಪ್ರತಿದಿನ ಬುತ್ತಿ ಕಟ್ಟಿಸಿಕೊಂಡು ಹೊರಟು, ಕೆಂಗೇರಿಯವರೆಗೆ ಮೆಟ್ರೋದಲ್ಲಿ ಹೋಗಿಬಂದು ಹೊತ್ತು ಕಳೆಯುತ್ತಿದ್ದ. ಬದುಕುವುದೇ ಬೇಡವೆನಿಸಿದ್ದೂ ಉಂಟೆಂದ. ಅಂದೇ ಅವನ ಒಪ್ಪಿಗೆ ಪಡೆದು ತಾಯಿಗೆ ತಿಳಿಸಿ, ಮನೋವೈದ್ಯರಲ್ಲಿಗೆ ಕಳುಹಿಸಿದೆವು.

ಅಮೆರಿಕದ ಮನಶ್ಶಾಸ್ತ್ರಜ್ಞ ಜೆಫ್ರಿ ಆರ್ನೆಟ್ 2000ದಲ್ಲಿ, 18ರಿಂದ 25ರ ನಡುವಿನ ವಯಸ್ಸು ಬಾಲ್ಯವೂ ಅಲ್ಲದ ಪೂರ್ಣ ಪ್ರೌಢತೆಯೂ ಅಲ್ಲದ ಬೇರೆಯೇ ಘಟ್ಟವೆಂದು ವಾದಿಸಿದರು. ನಮ್ಮ ಮನೆಗಳಲ್ಲಿ ಇದು ಇನ್ನಷ್ಟು ತೊಡಕು: ಸಂಬಳದ ಮಾತು ಬಂದಾಗ ದೊಡ್ಡವನು, ಮದುವೆಯ ಮಾತು ಬಂದಾಗ ಚಿಕ್ಕವನು.

ಮನೋಚಿಕಿತ್ಸೆಯೆಂದರೆ ಬುದ್ಧಿವಾದವಲ್ಲ; ಅದು ಮನೆಯಲ್ಲೇ ಧಾರಾಳವಾಗಿ ಸಿಗುತ್ತದೆ. ಸಾಮಾನ್ಯವಾಗಿ ವಾರಕ್ಕೊಮ್ಮೆ, ಸುಮಾರು ಮುಕ್ಕಾಲು ಗಂಟೆ ಮಾತುಕತೆ. 'ನಾನು ಕೆಲಸಕ್ಕೆ ಬಾರದವನು' ಎಂಬ ಎಣಿಕೆ ಎಲ್ಲಿಂದ ಬಂತು, ಅದು ನಿಜವೇ ಎಂದು ಚಿಕಿತ್ಸಕರು ಅವನೊಂದಿಗೇ ಪರೀಕ್ಷಿಸುತ್ತಾರೆ. ಬಳಿಕ ಸಣ್ಣ ಅಭ್ಯಾಸಗಳು: ಹೊತ್ತಿಗೆ ಏಳುವುದು, ಮುಂದೂಡಿದ ಒಂದು ಕೆಲಸವನ್ನು ಮಾಡುವುದು. ಅಗತ್ಯವಿದ್ದರೆ ಜೊತೆಗೆ ಔಷಧವೂ ಉಂಟು. ಅಲ್ಲಿ ಆಡಿದ ಮಾತನ್ನು ಗೋಪ್ಯವಾಗಿಡುವುದನ್ನು 2017ರ ಮಾನಸಿಕ ಆರೋಗ್ಯ ಆರೈಕೆ ಕಾಯ್ದೆಯು ರೋಗಿಯ ಹಕ್ಕೆಂದು ಹೇಳುತ್ತದೆ. ಪ್ರಾಣಾಪಾಯದಂಥ ಕೆಲವು ಸಂದರ್ಭಗಳಿಗೆ ವಿನಾಯಿತಿ ಉಂಟು. ಆದ್ದರಿಂದ "ಒಳಗೆ ಏನು ಹೇಳಿದೆ?" ಎಂದು ಮನೆಯಲ್ಲಿ ವಿಚಾರಣೆ ಕೂಡದು.

ಹೊಸೂರು ರಸ್ತೆಯ ನಿಮ್ಹಾನ್ಸ್ ಎಲ್ಲರಿಗೂ ತಿಳಿದದ್ದೇ. ಮೊದಲ ಹೆಜ್ಜೆಗೆ ಅಷ್ಟು ದೂರವೂ ಬೇಡ. 2022ರ ಅಕ್ಟೋಬರ್‌ನಲ್ಲಿ ಆರಂಭವಾದ ಟೆಲಿ-ಮಾನಸ್‌ನ 14416 ಸಂಖ್ಯೆಗೆ ದಿನದ ಯಾವ ಹೊತ್ತಿನಲ್ಲೂ ಉಚಿತವಾಗಿ ಕರೆಮಾಡಿ ಕನ್ನಡದಲ್ಲೇ ಮಾತಾಡಬಹುದು. ಸಾವಿನ ಮಾತು ಬಾಯಿಗೆ ಬಂದರೆ ಮಾತ್ರ ಒಂದು ದಿನವೂ ತಡಮಾಡದೆ, ಒಂಟಿಯಾಗಿ ಬಿಡದೆ, ಆಸ್ಪತ್ರೆಗೆ ಕರೆದೊಯ್ಯಬೇಕೆಂದು ಸದ್ಭಕ್ತರಲ್ಲಿ ನಮ್ಮ ಬಿನ್ನಹ.

ಆ ಯುವಕ ಈಗ ಡಿಪ್ಲೊಮಾ ಓದುತ್ತಿದ್ದಾನೆ. ಮನೋವೈದ್ಯರಿಗೂ ತಿಳಿಸಿ ಘೃತವನ್ನು ಮುಂದುವರಿಸಿದ್ದೇವೆ. ಗುಣವಾದದ್ದು ಅದರಿಂದಲೇ ಎಂದು ತಾಯಿ ನೆರೆಹೊರೆಯವರಿಗೆ ಹೇಳುತ್ತಿದ್ದಾರಂತೆ.