ಹೆಗಲು ನೋವು ಮತ್ತು ಚುಚ್ಚುಮದ್ದು

ಮುಂಬಯಿಯ ಲೋಕಲ್ ಗಾಡಿಯಲ್ಲಿ ಮೇಲಿನ ಹಿಡಿಕೆಗೆ ಕೈ ಚಾಚುವಾಗ, ಅಡಿಗೆಮನೆಯ ಅಟ್ಟದಿಂದ ಡಬ್ಬಿ ಇಳಿಸುವಾಗ, ಹೋಟೆಲಿನಲ್ಲಿ ತುಂಬಿದ ಪಾತ್ರೆಯನ್ನು ಎತ್ತುವಾಗ ಹೆಗಲಿನಲ್ಲಿ ಚಳಕ್ಕೆಂದು ನೋವು ಹೊಡೆಯುವುದು ಮಧ್ಯವಯಸ್ಸು ದಾಟಿದ ಅನೇಕರ ಅನುಭವ. ರಾತ್ರಿ ಆ ಮಗ್ಗುಲಿಗೆ ಮಲಗಲಾಗದು. ಮುಲಾಮು, ಶಾಖ, ಗುಳಿಗೆಗಳಲ್ಲಿ ತಿಂಗಳುಗಳು ಕಳೆದ ಮೇಲೆ ವೈದ್ಯರು ಚುಚ್ಚುಮದ್ದಿನ ಮಾತೆತ್ತುತ್ತಾರೆ. ಆಗ ಕೆಲವರು ಹೆದರಿ ಹಿಂಜರಿಯುತ್ತಾರೆ. ಇನ್ನು ಕೆಲವರು ಒಂದು ಸೂಜಿಯಿಂದ ರೋಗವೇ ತೀರಿತೆಂದು ನಂಬಿ ಮರುದಿನವೇ ಭಾರ ಎತ್ತಲು ಹೊರಡುತ್ತಾರೆ. ಎರಡೂ ಸರಿಯಲ್ಲ. ಪರಊರಿನಲ್ಲಿ ರಟ್ಟೆಯ ದುಡಿಮೆಯನ್ನೇ ನಂಬಿ ಬಾಳುವವರು ಈ ಚಿಕಿತ್ಸೆಯ ಶಕ್ತಿಯನ್ನೂ ಮಿತಿಯನ್ನೂ ಅರಿತಿರುವುದು ಅಗತ್ಯ.

ನೋವಿನ ಮೂಲ

ಹೆಗಲಿನ ಕೀಲಿನಲ್ಲಿ ತೋಳಿನ ಎಲುಬಿನ ದುಂಡು ತಲೆಯು ಆಳವಿಲ್ಲದ ಕುಳಿಯಲ್ಲಿ ಕುಳಿತಿದೆ. ಅದನ್ನು ಸ್ಥಾನದಲ್ಲಿ ಹಿಡಿದಿಡುವುದು ನಾಲ್ಕು ಮಾಂಸಖಂಡಗಳು. ಮಾಂಸಖಂಡವನ್ನು ಎಲುಬಿಗೆ ಬಿಗಿಯುವ ಗಟ್ಟಿಯಾದ ಬಿಳಿಯ ಹುರಿಗೆ ಸ್ನಾಯುರಜ್ಜು ಎಂದು ಹೆಸರು. ಈ ನಾಲ್ಕರ ರಜ್ಜುಗಳು ಕೂಡಿ ತೋಳಿನ ತಲೆಯನ್ನು ಸುತ್ತುವರಿದಿರುವುದರಿಂದ ಅವುಗಳನ್ನು ಒಟ್ಟಾಗಿ ರೊಟೇಟರ್ ಕಫ್ ಎನ್ನುತ್ತಾರೆ. ಇವುಗಳಲ್ಲಿ ಮೇಲ್ಭಾಗದ ರಜ್ಜು ಭುಜದ ಎಲುಬಿನ ಕೆಳಗಿನ ಕಿರಿದಾದ ಎಡೆಯಲ್ಲಿ ಹಾದುಹೋಗುತ್ತದೆ. ವಯಸ್ಸು ಹಾಗೂ ಬಹುಕಾಲದ ದುಡಿಮೆಯಿಂದ ಹೆಚ್ಚಾಗಿ ಸವೆಯುವುದು, ಹರಿಯುವುದು ಇದೇ. ಅದರ ಮೇಲಿನ ತೆಳುಚೀಲವೂ ಕೆರಳಿದಾಗ ನೋವು ಬಲಿಯುತ್ತದೆ.

ಸ್ಟೀರಾಯ್ಡ್ ಮಾಡುವುದೇನು?

1948ರಲ್ಲಿ ಅಮೆರಿಕದ ಮೇಯೋ ಕ್ಲಿನಿಕ್ಕಿನಲ್ಲಿ ಫಿಲಿಪ್ ಹೆಂಚ್ ಅವರು ಕೀಲುವಾತದ ರೋಗಿಗೆ ಕಾರ್ಟಿಸೋನ್ ಕೊಟ್ಟು ಅದರ ಗುಣವನ್ನು ತೋರಿಸಿದರು. 1950ರಲ್ಲಿ ಅವರಿಗೂ ಕೆಂಡಾಲ್ ಮತ್ತು ರೈಖ್‌ಸ್ಟೈನ್ ಅವರಿಗೂ ನೊಬೆಲ್ ಪಾರಿತೋಷಕ ಸಂದಿತು. ಆ ಕುಲದ ಔಷಧಗಳೇ ಇಂದು ಹೆಗಲಿಗೆ ಚುಚ್ಚುವ ಸ್ಟೀರಾಯ್ಡ್‌ಗಳು. ಜೊತೆಗೆ ಅರಿವಳಿಕೆ ಮದ್ದನ್ನೂ ಬೆರೆಸುವುದುಂಟು. ಅದನ್ನು ಹುರಿಯೊಳಕ್ಕೆ ಅಲ್ಲ, ಹುರಿಯ ಮೇಲಿನ ಎಡೆಗೆ ಹಾಕುತ್ತಾರೆ. ಅರಿವಳಿಕೆಯಿಂದ ಕೆಲವು ನಿಮಿಷಗಳಲ್ಲೇ ನೋವು ಇಳಿದರೆ, ನೋವಿನ ತಾಣ ಅದೇ ಎಂಬ ಸುಳಿವೂ ವೈದ್ಯರಿಗೆ ದೊರೆಯುತ್ತದೆ.

ಸ್ಟೀರಾಯ್ಡ್ ಉರಿಯೂತವನ್ನು ತಗ್ಗಿಸುತ್ತದೆ. ಹರಿದ ಹುರಿಯನ್ನು ಹೊಲಿಯುವುದಿಲ್ಲ. ಬ್ರಿಟನ್ನಿನಲ್ಲಿ 708 ರೋಗಿಗಳ ಮೇಲೆ ನಡೆದು 2021ರಲ್ಲಿ ಪ್ರಕಟವಾದ ಅಧ್ಯಯನವೊಂದರಲ್ಲಿ, ಚುಚ್ಚುಮದ್ದು ಪಡೆದವರಿಗೆ 8 ವಾರಗಳ ಹೊತ್ತಿಗೆ ತುಸು ಹೆಚ್ಚಿನ ಉಪಶಮನ ಕಂಡುಬಂದಿತು. ಆದರೆ 12 ತಿಂಗಳು ಕಳೆದಾಗ ಪಡೆದವರಿಗೂ ಪಡೆಯದವರಿಗೂ ವ್ಯತ್ಯಾಸ ಉಳಿಯಲಿಲ್ಲ. ಅಂದರೆ ಸೂಜಿ ಕೊಡುವುದು ಗುಣವನ್ನಲ್ಲ, ಬಿಡುವನ್ನು. ನೋವಿಲ್ಲದ ಆ ಕೆಲವು ವಾರಗಳಲ್ಲಿ ಹೆಗಲಿನ ಮಾಂಸಖಂಡಗಳನ್ನು ವ್ಯಾಯಾಮದಿಂದ ಬಲಪಡಿಸಿಕೊಂಡವರಿಗೆ ಆ ಬಿಡುವು ಸಾರ್ಥಕ.

ಅದೇ ಅಧ್ಯಯನವು ಇನ್ನೊಂದು ನೆಮ್ಮದಿಯ ಸಂಗತಿಯನ್ನೂ ತಿಳಿಸಿತು. ಫಿಸಿಯೋಥೆರಪಿಸ್ಟರನ್ನು ಒಂದೇ ಸಲ ಕಂಡು, ಸರಿಯಾದ ಸಲಹೆ ಪಡೆದು ಮನೆಯಲ್ಲಿ ವ್ಯಾಯಾಮ ನಡೆಸಿದವರು, ಆರು ಸಲದವರೆಗೆ ಹೋಗಿಬಂದವರಷ್ಟೇ ಸುಧಾರಿಸಿದರು. ರಜೆ ಸಿಗದೆ, ದೂರದ ಆಸ್ಪತ್ರೆಗೆ ಅಲೆಯಲಾರದೆ ಕೈಚೆಲ್ಲುವ ದುಡಿಯುವ ಜನರು ಇದನ್ನು ನೆನಪಿಡತಕ್ಕದ್ದು.

ಎಚ್ಚರಿಕೆಗಳು

ಮೊದಲನೆಯದಾಗಿ, ಮಧುಮೇಹಿಗಳಲ್ಲಿ ಈ ಮದ್ದಿನಿಂದ ಕೆಲವು ದಿನ ರಕ್ತದ ಸಕ್ಕರೆ ಏರುತ್ತದೆ. ಮುಂಚಿತವಾಗಿ ವೈದ್ಯರಿಗೆ ತಿಳಿಸಿ, ಆ ದಿನಗಳಲ್ಲಿ ಪರೀಕ್ಷಿಸಿಕೊಳ್ಳುತ್ತಿರಬೇಕು. ಎರಡನೆಯದಾಗಿ, ಮೇಲಿಂದ ಮೇಲೆ ಚುಚ್ಚಿಸಿಕೊಂಡರೆ ಹುರಿಯೇ ದುರ್ಬಲವಾಗುವ ಭಯವಿದೆ. ನೋವು ಮರಳಿತೆಂದು ಇನ್ನೊಬ್ಬ ವೈದ್ಯರಲ್ಲಿಗೆ ಹೋಗಿ, ಹಿಂದಿನ ಸೂಜಿಗಳನ್ನು ಮರೆಮಾಚಿ ಮತ್ತೆ ಪಡೆಯುವುದು ಅಪಾಯಕರ. ಮೂರನೆಯದಾಗಿ, ಸೂಜಿಯ ಬಳಿಕ ಜ್ವರ, ಕೆಂಪು, ಏರುತ್ತಿರುವ ಊತ ಕಂಡರೆ ಸೋಂಕಿರಬಹುದು; ತಡಮಾಡಬಾರದು.

ಸ್ವಂತ ರಕ್ತವೇ ಮದ್ದು

ದೊಡ್ಡ ನಗರಗಳಲ್ಲಿ ಪಿ.ಆರ್.ಪಿ. ಎಂಬ ಚಿಕಿತ್ಸೆಯೂ ಪ್ರಚಾರದಲ್ಲಿದೆ. ರೋಗಿಯದೇ ರಕ್ತವನ್ನು ತೆಗೆದು, ಯಂತ್ರದಲ್ಲಿ ವೇಗವಾಗಿ ತಿರುಗಿಸಿ, ಪ್ಲೇಟ್‌ಲೆಟ್ ಕಣಗಳು ಹೆಚ್ಚಾಗಿರುವ ಭಾಗವನ್ನು ಹೆಗಲಿಗೆ ಚುಚ್ಚುತ್ತಾರೆ. ಗಾಯ ಮಾಯಿಸುವ ಅಂಶಗಳು ಆ ಕಣಗಳಲ್ಲಿರುವುದು ನಿಜ. ಆದರೆ ತಯಾರಿಸುವ ಕ್ರಮ ಎಲ್ಲೆಡೆ ಒಂದೇ ಆಗಿಲ್ಲ. ಅಧ್ಯಯನಗಳ ಫಲಿತಾಂಶಗಳೂ ಒಂದೇ ದಿಕ್ಕಿನಲ್ಲಿಲ್ಲ. ಹರಿದ ಹುರಿ ಖಂಡಿತ ಕೂಡುವುದೆಂದು ಭರವಸೆ ಕೊಟ್ಟು ದುಬಾರಿ ಹಣ ಕೇಳುವವರಲ್ಲಿ ಎರಡು ಪ್ರಶ್ನೆ ಹೆಚ್ಚಾಗಿ ಕೇಳುವುದು ಒಳ್ಳೆಯದು.

ಸೂಜಿಗೆ ಕಾಯಬಾರದ ಸಂದರ್ಭಗಳು

ಬಿದ್ದು ಪೆಟ್ಟಾದ ಮೇಲೆ ಕೈಯನ್ನು ಎತ್ತಲಾಗದಿದ್ದರೆ ಹುರಿ ಪೂರ್ತಿಯಾಗಿ ಹರಿದಿರಬಹುದು. ಅಂಥವರಿಗೆ ಶಸ್ತ್ರಚಿಕಿತ್ಸೆ ಬೇಕಾಗಬಹುದಾದ್ದರಿಂದ ಮೂಳೆತಜ್ಞರನ್ನು ಬೇಗನೆ ಕಾಣಬೇಕು. ಎಡ ಹೆಗಲಿನ ನೋವಿನೊಂದಿಗೆ ಎದೆ ಬಿಗಿತ, ಬೆವರು, ಉಸಿರುಕಟ್ಟುವಿಕೆ ಇದ್ದರೆ ಅದು ಹೃದಯದ ಬಾಧೆಯಿರಬಹುದು; ಒಡನೆಯೇ ಆಸ್ಪತ್ರೆ ಸೇರಬೇಕು.

ಸವೆದ ಹೆಗಲು ಬಹುಮಂದಿಯಲ್ಲಿ ಶಸ್ತ್ರಚಿಕಿತ್ಸೆಯಿಲ್ಲದೆಯೇ ಸುಧಾರಿಸುತ್ತದೆ. ಆದರೆ ಅದಕ್ಕೆ ತಿಂಗಳುಗಳು ಬೇಕು. ಸೂಜಿ ಹಾಕುವುದು ವೈದ್ಯರ ಕೆಲಸ. ಅದು ಒದಗಿಸಿದ ಬಿಡುವಿನಲ್ಲಿ, ದಿನಕ್ಕೆ ಸ್ವಲ್ಪ ಹೊತ್ತಾದರೂ ತಪ್ಪದೆ, ತೋಳಿಗೆ ಕ್ರಮಕ್ರಮವಾಗಿ ಬಲ ತುಂಬುವುದು ರೋಗಿಯ ಕೆಲಸ.