ಗ್ರಹಣವೂ ಒನಕೆಯೂ

೨೦೧೯ರ ಡಿಸೆಂಬರ್ ೨೬ರ ಸೂರ್ಯಗ್ರಹಣದಂದು ಕರ್ನಾಟಕದ ಹಲವು ಮನೆಗಳಲ್ಲಿ ನೀರಿನ ತಟ್ಟೆಯ ನಡುವೆ ಒನಕೆಯನ್ನು ನಿಲ್ಲಿಸಿದರು. ಅದು ಆಸರೆಯಿಲ್ಲದೆ ನಿಂತಿತು. ಗ್ರಹಣ ಬಿಟ್ಟೊಡನೆ ತಾನಾಗಿಯೇ ಬೀಳುವುದೆಂಬುದು ಹಿರಿಯರ ನಂಬಿಕೆ. ‘ಇದು ನಿಜವೇ?’ ಎಂದು ಕೇಳುವ ತಮ್ಮನಿಗೋ ತಂಗಿಗೋ ನಾವು ಏನು ಹೇಳಬೇಕು?

‘ಸುಳ್ಳು’ ಎಂದು ಗದರಿಸಿದರೆ ಮಗು ಅಜ್ಜಿಯ ಮಾತನ್ನು ಬಿಟ್ಟು ನಮ್ಮ ಮಾತನ್ನು ನಂಬೀತು, ಅಷ್ಟೆ. ಒನಕೆ ನಿಂತದ್ದಂತೂ ದಿಟ. ಮಗು ಅದನ್ನು ಕಣ್ಣಾರೆ ಕಂಡಿದೆ. ನಿಂತದ್ದು ಗ್ರಹಣದಿಂದಲೇ ಎಂಬುದು ಮಾತ್ರ ಊಹೆ. ಬುಡ ಚಪ್ಪಟೆಯಾಗಿದ್ದು, ಗುರುತ್ವಕೇಂದ್ರದಿಂದ ಇಳಿಯುವ ಲಂಬರೇಖೆ ಬುಡದೊಳಗೇ ಬಿದ್ದರೆ ಒನಕೆ ಯಾವ ದಿನವಾದರೂ ನಿಲ್ಲುತ್ತದೆ. ಉಳಿದ ದಿನಗಳಲ್ಲಿ ಅದನ್ನು ನಿಲ್ಲಿಸಿ ನೋಡುವ ತಾಳ್ಮೆ ಯಾರಿಗಿದೆ? ಗ್ರಹಣವಿಲ್ಲದ ದಿನ ಅದೇ ಒನಕೆಯನ್ನು, ಅದೇ ತಟ್ಟೆಯನ್ನು ಮಗುವಿನ ಮುಂದಿಡೋಣ. ಎಷ್ಟು ಹೊತ್ತು ನಿಂತಿತೆಂಬುದನ್ನು ಅದೇ ಬರೆದಿಡಲಿ.